ಹಳೆಯ ಪ್ಲೇಟು, ಹೊಸ ಪ್ರತಿ

ಕಾರಿಮಂಗಲಂ ಸುತ್ತಿನ ನಮಗೆ ಎರಡು ಭಾಷೆಯ ಕಂಪೆನಿ ನಾಟಕಗಳೂ ನಮ್ಮವೇ. ಗುಬ್ಬಿ ಕಂಪೆನಿಯ ಬಿ. ಜಯಮ್ಮನವರ ಹಾಡಿಗೆ ತಲೆದೂಗುವ ಹಿರಿಯರೇ ಎಸ್.ಜಿ. ಕಿಟ್ಟಪ್ಪ, ಕೆ.ಬಿ. ಸುಂದರಾಂಬಾಳ್ ಅವರ ಹಾಡಿಗೂ ಕಿವಿಗೊಡುತ್ತಾರೆ. ಕಿಟ್ಟಪ್ಪನವರು 1933ರಲ್ಲಿ, 27ನೆಯ ವಯಸ್ಸಿನಲ್ಲೇ ತೀರಿಕೊಂಡರು. ಅವರ ದನಿ ನಮಗೆ ಉಳಿದಿರುವುದು ಗ್ರಾಮಫೋನ್ ಪ್ಲೇಟುಗಳಿಂದ. ಆ ಹಾಡುಗಳು ಕ್ಯಾಸೆಟ್, ಸಿ.ಡಿ. ದಾಟಿ ಈಗ ಮೊಬೈಲಿಗೂ ಬಂದಿವೆ. ಆದರೆ ಅದೇ ಹಾಡು ಒಂದು ಪ್ರತಿಯಲ್ಲಿ ಎದುರಿಗೇ ಹಾಡಿದಂತೆ, ಇನ್ನೊಂದರಲ್ಲಿ ಕಂಬಳಿ ಹೊದ್ದು ಹಾಡಿದಂತೆ ಕೇಳುತ್ತದೆ. ಏಕೆ?

ಮೊದಲನೆಯದು ಮುಳ್ಳು. ಹಳೆಯ ಪ್ಲೇಟು ಅರಗು ಮತ್ತು ಕಲ್ಲಿನ ಪುಡಿಯಿಂದ ಮಾಡಿದ್ದು; 10 ಅಂಗುಲದ ಪ್ಲೇಟಿನ ಒಂದು ಬದಿಗೆ ಸುಮಾರು 3 ನಿಮಿಷದ ಹಾಡು. ಅದರ ಗೆರೆ ಅಗಲ. ಎಲ್.ಪಿ. ರೆಕಾರ್ಡಿನ ಸಣ್ಣ ಮುಳ್ಳಿಟ್ಟರೆ ಅದು ಗೆರೆಯ ತಳದ ಕಸವನ್ನೇ ಕೆರೆದು ಸದ್ದು ಮಾಡುತ್ತದೆ.

ಎರಡನೆಯದು ವೇಗ. ನಿಮಿಷಕ್ಕೆ 78 ಸುತ್ತು ಎಂದು ಹೆಸರಿದ್ದರೂ ಹಳೆಯ ಪ್ಲೇಟುಗಳೆಲ್ಲ ಸರಿಯಾಗಿ ಅದೇ ವೇಗದಲ್ಲಿ ಮುದ್ರಣವಾದವಲ್ಲ. ನೂರಕ್ಕೆ ಆರರಷ್ಟು ವೇಗ ಹೆಚ್ಚಿದರೆ ಶ್ರುತಿ ಅರ್ಧ ಕಟ್ಟೆ ಏರುತ್ತದೆ, ಗಂಡಸಿನ ದನಿ ಹುಡುಗನ ದನಿಯ ಕಡೆಗೆ ವಾಲುತ್ತದೆ.

ಮೂರನೆಯದೇ ದೊಡ್ಡದು: ‘ಸದ್ದು ತೆಗೆಯುವುದು’. ಪ್ಲೇಟಿನ ಸುಯ್ ಎನ್ನುವ ಸದ್ದು, ಸಕಾರ ಶಕಾರಗಳು, ಹಾರ್ಮೋನಿಯಂನ ಹೊಳಪು, ಇವೆಲ್ಲ ಮೇಲಿನ ನಾದದಲ್ಲೇ ಒಟ್ಟಿಗೆ ಇರುತ್ತವೆ. ಸುಯ್ ಅನ್ನುವುದನ್ನು ಪೂರಾ ಒರೆಸಿದರೆ ಉಳಿದವೂ ಅದರ ಜೊತೆಗೇ ಹೋಗುತ್ತವೆ.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಲೆಡ್ಜರಿನಲ್ಲಿ ಅಂಕಿ ಉಜ್ಜಿ ಅಳಿಸುವಂತಿರಲಿಲ್ಲ. ಗೆರೆ ಎಳೆದು, ಮೇಲೆ ಬರೆದು, ರುಜು ಹಾಕಬೇಕು. ಮೂಲ ಕಾಣುತ್ತಿರಬೇಕು. ಹಾಡಿಗೂ ಅದೇ ನ್ಯಾಯ. ಚಟಪಟ ಸದ್ದನ್ನು ತೆಗೆಯಲಿ, ಸ್ವಲ್ಪ ಸುಯ್ ಇರಲಿ.

ನೀವೇ ಪರೀಕ್ಷೆ ಮಾಡಬಹುದು. ಹಾಡಿನ ಸಾಹಿತ್ಯದಲ್ಲಿ ಸಕಾರ ಬಂದಾಗ ಅದು ಬಿಡಿಯಾಗಿ ಕೇಳುತ್ತದೆಯೇ? ಸಾಲು ಮುಗಿದ ಮೇಲೆ ಹಾರ್ಮೋನಿಯಂ ನಾದ ಮೆಲ್ಲಗೆ ಇಳಿಯುತ್ತದೆಯೇ, ಇಲ್ಲ ಕತ್ತರಿಸಿದಂತೆ ನಿಲ್ಲುತ್ತದೆಯೇ? ಒಂದು ವಿಷಯ ಮಾತ್ರ ನೆನಪಿರಲಿ: 1925ಕ್ಕೆ ಮುಂಚಿನವು ಮೈಕಿಲ್ಲದೆ, ಕೊಳವೆಯ ಮುಂದೆ ಹಾಡಿದವು. ಅವುಗಳಲ್ಲಿ ಮೇಲಿನ ನಾದ ಮೊದಲೇ ಕಡಿಮೆ.

ಮನೆಯ ಅಟ್ಟದಲ್ಲಿ ಪ್ಲೇಟುಗಳಿದ್ದರೆ ಹಳೇ ಸಾಮಾನಿನವನಿಗೆ ಕೊಡಬೇಡಿ. ಒಳ್ಳೆಯ ಪ್ರತಿ ತೆಗೆಯಲು ಒಳ್ಳೆಯ ಪ್ಲೇಟೇ ಬೇಕು. ಸ್ಪಿರಿಟ್‌ನಿಂದ ಒರೆಸಬೇಡಿ, ಅರಗು ಕರಗುತ್ತದೆ. ಬಿಸಿಲು ಬೀಳದ ಕಡೆ, ನೆಟ್ಟಗೆ ನಿಲ್ಲಿಸಿಡಿ. ಪ್ಲೇಟು ಒಡೆದರೆ ಅದರೊಳಗಿನ ದನಿಯನ್ನು ಇನ್ನೊಮ್ಮೆ ಹಾಡಿಸಲು ಆ ಹಾಡುಗಾರರು ಇಂದು ಇಲ್ಲ.