ವಕೀಲರ ಫೀಸು ಅಪರಾಧವಾಗಿದ್ದ ದೇಶ

ಜಮೀನಿನ ತಕರಾರು ಎದ್ದರೆ ನಮ್ಮ ಊರುಗಳಲ್ಲಿ ಮೊದಲು ಕೇಳಿಬರುವ ಪ್ರಶ್ನೆ 'ಯಾವ ವಕೀಲರನ್ನು ಹಿಡಿದಿದ್ದೀರಿ?' ಎಂಬುದು. ಕೆನಡಾದ ಮೂಲನಿವಾಸಿಗಳು 1927ರಿಂದ 1951ರವರೆಗೆ ಈ ಪ್ರಶ್ನೆಗೆ ಉತ್ತರ ಹೇಳುವ ಸ್ಥಿತಿಯಲ್ಲೇ ಇರಲಿಲ್ಲ. ತಮ್ಮ ಹಕ್ಕಿಗಾಗಿ ದಾವೆ ಹೂಡಲೆಂದು ಅವರಿಂದ ಯಾರಾದರೂ ಹಣ ಪಡೆದರೆ, ಇಲಾಖೆಯ ಮುಖ್ಯಸ್ಥರ ಲಿಖಿತ ಒಪ್ಪಿಗೆ ಇಲ್ಲದ ಪಕ್ಷದಲ್ಲಿ ಅದು ಅಪರಾಧ. ಶಿಕ್ಷೆ 50ರಿಂದ 200 ಡಾಲರ್ ದಂಡ, ಇಲ್ಲವೇ ಎರಡು ತಿಂಗಳವರೆಗೆ ಸೆರೆವಾಸ.

ಈ ನಿರ್ಬಂಧ ಇದ್ದದ್ದು 'ಇಂಡಿಯನ್ ಆ್ಯಕ್ಟ್'ನ 141ನೆಯ ಕಲಮಿನಲ್ಲಿ. ಹೆಸರು ಕೇಳಿ ನಾವು ಗಲಿಬಿಲಿಗೊಳ್ಳಬೇಕಿಲ್ಲ. ಕೊಲಂಬಸ್ ಮಾಡಿದ ತಪ್ಪು ಐದು ಶತಮಾನ ಕಳೆದರೂ ಆ ದೇಶದ ಕಾನೂನು ಪುಸ್ತಕದಿಂದ ಅಳಿಸಿಹೋಗಿಲ್ಲ, ಅಷ್ಟೆ.

ಸರ್ಕಾರಕ್ಕೆ ಇಂಥ ಕಲಮು ಏಕೆ ಬೇಕಾಯಿತು? ಕೆನಡಾದ ಅನೇಕ ಕಡೆ ಬ್ರಿಟಿಷ್ ರಾಜಸತ್ತೆ ಮೂಲನಿವಾಸಿಗಳೊಡನೆ ಒಪ್ಪಂದ ಮಾಡಿಕೊಂಡೇ ನೆಲ ಪಡೆದಿತ್ತು. ಪಶ್ಚಿಮ ಕರಾವಳಿಯ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಬಹುಭಾಗದಲ್ಲಿ ಅಂಥ ಒಪ್ಪಂದಗಳೇ ಆಗಲಿಲ್ಲ. ಅಲಾಸ್ಕಾದ ಗಡಿಗೆ ಸಮೀಪದ ನಾಸ್ ನದಿಯ ಕಣಿವೆಯಲ್ಲಿರುವ ನಿಸ್ಗಾ ಜನ 'ನಮ್ಮ ನೆಲ ನಿಮ್ಮದು ಆದದ್ದು ಯಾವಾಗ?' ಎಂದು ಕೇಳತೊಡಗಿದರು. 1887ರಲ್ಲಿ ಅವರ ಮುಖ್ಯಸ್ಥರು ಒಪ್ಪಂದ ಕೇಳಲು ರಾಜಧಾನಿ ವಿಕ್ಟೋರಿಯಾಕ್ಕೆ ಹೋಗಿ ಬರಿಗೈಯಲ್ಲಿ ಮರಳಿದರು. 1913ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್‌ಗೆ ಅರ್ಜಿ ಕಳಿಸಿದರು. ಬ್ರಿಟಿಷರ ಕಾಲದಲ್ಲಿ ಧಾರವಾಡ, ಮಂಗಳೂರಿನ ಕಕ್ಷಿಗಾರರ ಕೊನೆಯ ಮೇಲ್ಮನವಿ ಹೋಗುತ್ತಿದ್ದುದೂ ಅಲ್ಲಿಗೇ. ನಿಸ್ಗಾ ಅರ್ಜಿಯ ವಿಚಾರಣೆ ಮಾತ್ರ ನಡೆಯಲೇ ಇಲ್ಲ. 1927ರಲ್ಲಿ ಸಂಸದೀಯ ಸಮಿತಿಯೊಂದು ಪ್ರಾಂತ್ಯದ ಮೂಲನಿವಾಸಿಗಳ ಬೇಡಿಕೆಯನ್ನು ತಳ್ಳಿಹಾಕಿ, ಅವರ ತಲೆ ಕೆಡಿಸುತ್ತಿರುವವರು ಹೊರಗಿನ ಚಳವಳಿಗಾರರು ಎಂದಿತು. ಕಲಮು ಬಂದದ್ದು ಅದೇ ವರ್ಷ. ಆಗ ಇಲಾಖೆಯ ಹಿರಿಯ ಅಧಿಕಾರಿಯಾಗಿದ್ದ ಡಂಕನ್ ಕ್ಯಾಂಪ್‌ಬೆಲ್ ಸ್ಕಾಟ್ ಹೆಸರಾಂತ ಕವಿಯೂ ಆಗಿದ್ದರು ಎಂಬುದು ವಿಚಿತ್ರವಾದರೂ ನಿಜ.

1951ರಲ್ಲಿ ಕಲಮು ಹೋಯಿತು. 1955ರಲ್ಲಿ ನಿಸ್ಗಾ ಬುಡಕಟ್ಟು ಮಂಡಳಿ ಹುಟ್ಟಿತು. ಅದರ ಅಧ್ಯಕ್ಷ ಫ್ರ್ಯಾಂಕ್ ಕಾಲ್ಡರ್ 1949ರಲ್ಲೇ ಪ್ರಾಂತ್ಯದ ಶಾಸನಸಭೆಗೆ ಆಯ್ಕೆಯಾಗಿದ್ದವರು. ಮಂಡಳಿ ಥಾಮಸ್ ಬರ್ಜರ್ ಎಂಬ ಯುವ ವಕೀಲರನ್ನು ಹಿಡಿದು 1967ರಲ್ಲಿ ದಾವೆ ಹೂಡಿತು. ಕೆಳಗಿನ ಎರಡೂ ನ್ಯಾಯಾಲಯಗಳಲ್ಲಿ ಸೋಲಾಯಿತು. ಬಿಳಿಯರು ಬರುವ ಹೊತ್ತಿಗೆ ನಿಸ್ಗಾ ಜನ ತೀರಾ ಹಿಂದುಳಿದ ಆದಿಮಾನವರಾಗಿದ್ದರು ಎಂದು ಮೇಲ್ಮನವಿ ನ್ಯಾಯಾಲಯದ ಮುಖ್ಯ ನ್ಯಾಯಮೂರ್ತಿಗಳೇ ಬರೆದರು. ಆದರೆ ಬರ್ಜರ್ ವಿಚಾರಣೆಯಲ್ಲಿ ವಿಲ್ಸನ್ ಡಫ್ ಎಂಬ ಮಾನವಶಾಸ್ತ್ರಜ್ಞರನ್ನು ಸಾಕ್ಷಿಕಟ್ಟೆಗೆ ಹತ್ತಿಸಿ, ಯಾವ ನೆಲ ಯಾರ ಅನುಭೋಗದಲ್ಲಿತ್ತು ಎಂಬ ವಿವರಗಳನ್ನೆಲ್ಲ ದಾಖಲೆಗೆ ಸೇರಿಸಿದ್ದರು. ಮುಂದೆ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಎಮ್ಮೆಟ್ ಹಾಲ್ ಅವರ ಕೈಗೆ ಸಿಕ್ಕಿದ ಆಧಾರಗಳಲ್ಲಿ ಅದೂ ಒಂದು.

1973ರ ಜನವರಿ 31ರಂದು ತೀರ್ಪು ಬಂತು. ಏಳು ನ್ಯಾಯಮೂರ್ತಿಗಳಲ್ಲಿ ಆರು ಮಂದಿ, ಬಿಳಿಯರು ಬರುವ ಮೊದಲೇ ನೆಲದ ಮೇಲೆ ಮೂಲನಿವಾಸಿಗಳ ಹಕ್ಕು ಇತ್ತು ಎಂದರು. ಅದು ಇನ್ನೂ ಉಳಿದಿದೆಯೇ ಎಂಬಲ್ಲಿ ಮೂವರು ಒಂದು ಕಡೆ, ಮೂವರು ಇನ್ನೊಂದು ಕಡೆ. ಏಳನೆಯವರು, ಸರ್ಕಾರದ ಮೇಲೆ ದಾವೆ ಹೂಡಲು ಮೊದಲೇ ಪಡೆಯಬೇಕಿದ್ದ ಅನುಮತಿ ಪಡೆದಿಲ್ಲ ಎಂಬ ತಾಂತ್ರಿಕ ಕಾರಣ ಕೊಟ್ಟು ಮೇಲ್ಮನವಿ ವಜಾ ಮಾಡಿದರು. ಕಾಗದದ ಮೇಲೆ ನಿಸ್ಗಾ ಜನ ಸೋತರು. ಆದರೆ ಪ್ರಧಾನಿ ಪಿಯರ್ ಟ್ರುಡೊ ಅವರ ಸರ್ಕಾರ ಅದೇ ವರ್ಷ ತನ್ನ ನೀತಿ ಬದಲಿಸಿ, ಒಪ್ಪಂದವಿಲ್ಲದ ನೆಲದ ಬಗ್ಗೆ ಮಾತುಕತೆಗೆ ಒಪ್ಪಿತು.

ನ್ಯಾಯಾಲಯದ ಬಾಗಿಲು ತೆರೆದ ಮೇಲೂ ಒಂದು ತೊಡಕು ಉಳಿದಿತ್ತು. ಕಾನೂನು ಬೇಡುವುದು ಕಾಗದ ಪತ್ರ. ಈ ಜನರ ದಾಖಲೆಗಳಿರುವುದು ಬಾಯಲ್ಲಿ. ಗಿಟ್ಕ್ಸಾನ್ ಮತ್ತು ವೆಟ್‌ಸುವೆಟೆನ್ ಜನರ ಮುಖ್ಯಸ್ಥರು 58,000 ಚದರ ಕಿಲೋಮೀಟರ್ ನೆಲಕ್ಕಾಗಿ, ಅಂದರೆ ಕರ್ನಾಟಕದ ಮೂರನೆಯ ಒಂದು ಭಾಗಕ್ಕಿಂತ ತುಸು ಕಡಿಮೆ ನೆಲಕ್ಕಾಗಿ, ಹೂಡಿದ 'ಡೆಲ್ಗಮೂಕ್' ದಾವೆಯಲ್ಲಿ ಇದು ಎದ್ದು ಕಂಡಿತು. 1987ರಲ್ಲಿ ಆರಂಭವಾದ ವಿಚಾರಣೆ ನಡೆದದ್ದು 374 ದಿನ. ಗಿಟ್ಕ್ಸಾನ್ ಮನೆತನಗಳ ಇತಿಹಾಸಕ್ಕೆ 'ಅದಾವ್ಕ್' ಎಂದು ಹೆಸರು. ಅದರೊಳಗೆ ಹಾಡುಗಳೂ ಸೇರಿವೆ. ಮೇರಿ ಜಾನ್ಸನ್ ಎಂಬ ಹಿರಿಯ ಮುಖ್ಯಸ್ಥೆ ಸಾಕ್ಷಿಕಟ್ಟೆಯಲ್ಲಿ ಹಾಡಲು ಮುಂದಾದಾಗ ನ್ಯಾಯಮೂರ್ತಿ ಅಲನ್ ಮೆಕ್‌ಈಚರ್ನ್ ಆಕ್ಷೇಪಿಸಿದರು. ತಮ್ಮದು ತಗಡಿನ ಕಿವಿ, ಹಾಡು ಕೇಳಿ ಪ್ರಯೋಜನವಿಲ್ಲ ಎಂಬರ್ಥದ ಮಾತನ್ನೂ ಆಡಿದರು. ನಮ್ಮಲ್ಲಿ ಹೊಲದ ಪಹಣಿ ಪತ್ರ ತೋರಿಸುವಂತೆಯೇ ಆ ಮುದುಕಿ ಹಾಡು ತೋರಿಸುತ್ತಿದ್ದಳು ಎಂಬುದು ಅವರಿಗೆ ಹೊಳೆದಂತಿಲ್ಲ. 1991ರ ತೀರ್ಪಿನಲ್ಲಿ ಅವರು ಬಾಯ್ದೆರೆಯ ಇತಿಹಾಸಕ್ಕೆ ಸ್ವತಂತ್ರ ಸಾಕ್ಷ್ಯದ ತೂಕ ಕೊಡಲಿಲ್ಲ. ಮಾನವಶಾಸ್ತ್ರಜ್ಞರನ್ನು ಆ ಜನಕ್ಕೆ ಅತಿ ಹತ್ತಿರದವರು ಎಂದು ಬದಿಗೆ ಸರಿಸಿದರು. 1997ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟು ಇದನ್ನು ತಪ್ಪೆಂದಿತು. ಮೌಖಿಕ ಇತಿಹಾಸವನ್ನು ಲಿಖಿತ ದಾಖಲೆಯ ಸಮಸಮಕ್ಕೆ ಇಟ್ಟು ನೋಡಬೇಕು ಎಂದು ಹೇಳಿ ಹೊಸ ವಿಚಾರಣೆಗೆ ಆದೇಶಿಸಿತು. ಆ ಹೊಸ ವಿಚಾರಣೆ ನಡೆಯಲಿಲ್ಲ.

ಇಷ್ಟಕ್ಕೆಲ್ಲ ಹಣ? ಭಾಷಾಂತರಕಾರರು, ನಕಾಶೆ ಬರೆಯುವವರು, ವಂಶಾವಳಿ ಕಲೆಹಾಕುವವರು, ವಕೀಲರು ಎಲ್ಲರಿಗೂ ಫೀಸು ಬೇಕು. ಬ್ರಿಟಿಷ್ ಕೊಲಂಬಿಯಾದಲ್ಲಿ 1990ರ ದಶಕದಲ್ಲಿ ಶುರುವಾದ ಒಪ್ಪಂದ ಮಾತುಕತೆಯ ವ್ಯವಸ್ಥೆಯಲ್ಲಿ ಈ ಖರ್ಚಿನ ಶೇಕಡ 80ರಷ್ಟನ್ನು ಮೂಲನಿವಾಸಿಗಳು ಸಾಲವಾಗಿ ಪಡೆಯಬೇಕಿತ್ತು. ಕೊಡುತ್ತಿದ್ದುದು ಮೇಜಿನ ಎದುರು ಬದಿಯಲ್ಲಿ ಕುಳಿತ ಕೇಂದ್ರ ಸರ್ಕಾರವೇ. ಮಾತುಕತೆ ಎಳೆದಷ್ಟೂ ಸಾಲ ಬೆಳೆಯುತ್ತಿತ್ತು, ಕೊನೆಗೆ ಸಿಗುವ ಪರಿಹಾರ ಕರಗುತ್ತಿತ್ತು. ಮಾತುಕತೆ ಎಷ್ಟು ಎಳೆಯಬಲ್ಲದು ಎಂಬುದಕ್ಕೆ ನಿಸ್ಗಾ ಜನರೇ ಉದಾಹರಣೆ. 1976ರಲ್ಲಿ ಆರಂಭವಾದ ಅವರ ಮಾತುಕತೆಯ ಫಲವಾದ ಒಪ್ಪಂದ ಜಾರಿಗೆ ಬಂದದ್ದು 2000ದ ಮೇ 11ರಂದು. ಉಳಿದ ನೆಲ ಸುಮಾರು 2,000 ಚದರ ಕಿಲೋಮೀಟರ್. 2019ರ ಬಜೆಟ್ಟಿನಲ್ಲಿ ಕೆನಡಾ ಈ ಬಗೆಯ ಸಾಲಗಳ ಮನ್ನಾಕ್ಕೂ, ತೀರಿಸಿದವರಿಗೆ ಹಣ ಹಿಂದಿರುಗಿಸುವುದಕ್ಕೂ 140 ಕೋಟಿ ಡಾಲರ್‌ವರೆಗೆ ತೆಗೆದಿರಿಸಿತು.

ನ್ಯಾಯಾಲಯದ ಖರ್ಚಿನ ಕತೆ ಬೇರೆ. ಒಕನಾಗನ್ ಮತ್ತಿತರ ಕೆಲವು ಸಮುದಾಯಗಳು 1999ರಲ್ಲಿ ಪರವಾನಗಿ ಇಲ್ಲದೆ ಮರ ಕಡಿದವು. ಸರ್ಕಾರ ತಡೆದು, ಹಕ್ಕಿದ್ದರೆ ಪೂರ್ಣ ವಿಚಾರಣೆಯಲ್ಲಿ ಸಾಬೀತು ಮಾಡಿ ಎಂದಿತು. ಮನೆ ಕಟ್ಟಲೇ ಹಣವಿಲ್ಲ, ವಿಚಾರಣೆಗೆ ಎಲ್ಲಿಂದ ತರುವುದು ಎಂದು ಅವರು ಕೇಳಿದರು. ಇಂಥ ಅಪರೂಪದ ಪ್ರಕರಣಗಳಲ್ಲಿ ಎದುರಾಳಿಯಾದ ಸರ್ಕಾರವೇ ಮುಂಗಡವಾಗಿ ವಕೀಲರ ವೆಚ್ಚ ಕೊಡಬೇಕೆಂದು ಆದೇಶಿಸಬಹುದು ಎಂದು ಸುಪ್ರೀಂ ಕೋರ್ಟು 2003ರಲ್ಲಿ ಎತ್ತಿಹಿಡಿಯಿತು.

ಆಲ್ಬರ್ಟಾ ಪ್ರಾಂತ್ಯದ ಬೀವರ್ ಲೇಕ್ ಕ್ರೀ ಸಮುದಾಯ ಇದೇ ಮುಂಗಡಕ್ಕೆ ಅರ್ಜಿ ಹಾಕಿತು. 1876ರ ಒಪ್ಪಂದ ಕೊಟ್ಟ ಬೇಟೆ, ಮೀನುಗಾರಿಕೆಯ ಹಕ್ಕುಗಳನ್ನು ಕೈಗಾರಿಕೆಗಳು ನಿರರ್ಥಕ ಮಾಡಿವೆ ಎಂಬುದು ಅದರ ದೂರು. ಕೈಯಲ್ಲಿ ಸ್ವಲ್ಪ ಹಣವಿದೆಯಲ್ಲ ಎಂಬುದು ಸರ್ಕಾರದ ವಾದ. ಕುಡಿಯುವ ನೀರು, ವಸತಿಯಂಥ ತುರ್ತು ಅಗತ್ಯಗಳಿಗೆ ಮೀಸಲಾದ ಹಣವನ್ನು ವಕೀಲರಿಗೆ ಸುರಿಯಬೇಕಿಲ್ಲ ಎಂದು ಸುಪ್ರೀಂ ಕೋರ್ಟು 2022ರ ಮಾರ್ಚಿನಲ್ಲಿ ಹೇಳಿ, ಅರ್ಜಿಯನ್ನು ಮತ್ತೆ ಪರಿಶೀಲಿಸಲು ಕೆಳ ನ್ಯಾಯಾಲಯಕ್ಕೆ ಕಳಿಸಿತು. ಮೂಲ ದಾವೆ ಹೂಡಿದ್ದು 2008ರಲ್ಲಿ. ಹದಿನಾಲ್ಕು ವರ್ಷದ ಬಳಿಕ ಸುಪ್ರೀಂ ಕೋರ್ಟಿನವರೆಗೆ ಹೋದದ್ದು ಬೇಟೆಯ ಹಕ್ಕಲ್ಲ, ವಕೀಲರ ಫೀಸು.