ಲವಲವಿಕೆ, ಹುರುಪು, ಜೋಶ್: ಯಾವ ಮಾತು ಎಲ್ಲಿ?

ಇಂಗ್ಲಿಷಿನಲ್ಲಿ ‘ಬಬ್ಲಿ’ ಎಂಬ ವಿಶೇಷಣವಿದೆ. ಗೋಲಿ ಸೋಡಾದಲ್ಲಿ ಗುಳ್ಳೆಗಳು ಮೇಲೇಳುವಂತೆ ಮಾತು, ನಗು, ಚಟುವಟಿಕೆ ಪುಟಿಯುವ ವ್ಯಕ್ತಿಗೆ ಅದನ್ನು ಬಳಸುತ್ತಾರೆ. ‘ಎಬುಲಿಯಂಟ್’ ಎಂಬುದೂ ಹತ್ತಿರದ ಅರ್ಥದ್ದೇ. ‘ಕುದಿ’ ಎಂಬ ಅರ್ಥದ ಲ್ಯಾಟಿನ್ ಮಾತಿನಿಂದ ಬಂದದ್ದು. ಇವನ್ನು ಕನ್ನಡದಲ್ಲಿ ಹೇಗೆ ಹೇಳಬೇಕು?

‘ಗುಳ್ಳೆಯಂಥ ಹುಡುಗಿ’ ಎಂದರೆ ಅರ್ಥ ಕೆಡುತ್ತದೆ. ಕನ್ನಡದಲ್ಲಿ ನೀರ ಮೇಲಿನ ಗುಳ್ಳೆ ಎಂದರೆ ಬಾಳಿಕೆಯಿಲ್ಲದ್ದು. ನಮ್ಮ ವಾಣಿಜ್ಯದಲ್ಲೂ ಬೆಲೆ ಸುಮ್ಮನೆ ಉಬ್ಬಿ ಒಡೆದರೆ ಅದು ‘ಬಬಲ್’. 1720ರಲ್ಲಿ ಲಂಡನ್ನಿನ ಸೌತ್ ಸೀ ಕಂಪನಿಯ ಷೇರು ಹೀಗೇ ಏರಿ ಬಿದ್ದು, ಅನೇಕರು ಹಣ ಕಳೆದುಕೊಂಡರು. ‘ಕುದಿ’ಯೂ ಹೊಂದುವುದಿಲ್ಲ, ‘ಅವಳು ಕುದಿಯುತ್ತಿದ್ದಾಳೆ’ ಎಂದರೆ ಸಿಟ್ಟು. ‘ಉಕ್ಕು’ ಮಾತ್ರ ಒಪ್ಪುತ್ತದೆ: ಹಾಲೂ ಉಕ್ಕುತ್ತದೆ, ಉತ್ಸಾಹವೂ ಉಕ್ಕುತ್ತದೆ.

ಸರಿಯಾದ ಮಾತು ‘ಲವಲವಿಕೆ’. ಇದು ನಾಮಪದ. ವಿಶೇಷಣವಾಗಿ ಬಳಸುವಾಗ ಷಷ್ಠೀ ವಿಭಕ್ತಿ ಸೇರಿಸಿ ‘ಲವಲವಿಕೆಯ ಹುಡುಗ’ ಎನ್ನಬೇಕು. ಕ್ರಿಯೆಯನ್ನು ಹೇಳುವಾಗ ‘ಲವಲವಿಕೆಯಿಂದ ಮಾತಾಡಿದಳು’. ಇದರ ನೆರೆಯ ಮಾತುಗಳಿಗೆ ಸಣ್ಣ ವ್ಯತ್ಯಾಸಗಳಿವೆ:

ಹುರುಪು: ಒಂದು ಕೆಲಸಕ್ಕೆ ಮುನ್ನುಗ್ಗುವ ಉತ್ಸಾಹ. ‘ಕೊಟ್ಟೂರು ತೇರಿಗೆ ಹೋಗುವ ಹುರುಪು.’
ಗೆಲುವು: ಬಾಡಿದ ಮೇಲೆ ಮರಳುವ ಕಳೆ. ‘ಜ್ವರ ಬಿಟ್ಟ ಮೇಲೆ ಮಗು ಗೆಲುವಾಯಿತು.’
ಚೂಟಿ: ಚುರುಕು ಬುದ್ಧಿ, ಚುರುಕು ಕೈ. ‘ಲೆಕ್ಕದಲ್ಲಿ ಚೂಟಿ.’

ನಮ್ಮ ಮನೆಮಾತು ಉರ್ದುವಿನಲ್ಲಿ ‘ಜೋಶ್’ ಇದೆ. ಪಾರಸಿಯಿಂದ ಬಂದ ಈ ಮಾತಿನ ಮೂಲಾರ್ಥವೂ ಕುದಿಯುವುದೇ. ನೆಗಡಿಗೆ ಗಿಡಮೂಲಿಕೆ ಕುದಿಸಿ ಕೊಡುವ ಕಷಾಯಕ್ಕೆ ‘ಜೋಶಾಂದಾ’ ಎನ್ನುವುದು ಅದಕ್ಕೇ. ಎಲ್ಲಿಯ ಲ್ಯಾಟಿನ್, ಎಲ್ಲಿಯ ಪಾರಸಿ! ಉತ್ಸಾಹವನ್ನು ಎರಡೂ ಒಲೆಯ ಮೇಲಿನ ಪಾತ್ರೆಯಲ್ಲೇ ಕಂಡಿವೆ.

‘ಬಬ್ಲಿ’ಗೆ ಇನ್ನೂ ಹತ್ತಿರದ ಉರ್ದು ಮಾತು ‘ಚುಲ್‌ಬುಲಾ’. ಹುಡುಗಿಗಾದರೆ ‘ಚುಲ್‌ಬುಲೀ’. ಇಲ್ಲಿ ಯೋಚಿಸಬೇಕಾದ ಸಂಗತಿಯೊಂದಿದೆ. ಹುಡುಗ ಜೋರಾಗಿ ನಕ್ಕು ಓಡಾಡಿದರೆ ‘ಜೋಶ್ ಇದೆ’ ಎನ್ನುತ್ತೇವೆ. ಹುಡುಗಿ ಹಾಗೆಯೇ ಇದ್ದರೆ ಚಿಕ್ಕವಳಿರುವಾಗ ಮುದ್ದಿನಿಂದ ‘ಚುಲ್‌ಬುಲೀ’. ಪಿಯುಸಿಗೆ ಬರುವಷ್ಟರಲ್ಲಿ ಅದೇ ಗುಣಕ್ಕೆ ‘ಚೆಲ್ಲುಚೆಲ್ಲು’, ‘ಹಾರಾಡ್ತಾಳ’ ಎಂಬ ಹೆಸರು. ಗುಣ ಬದಲಾಗಲಿಲ್ಲ, ನಾವು ಆರಿಸಿದ ಮಾತು ಬದಲಾಯಿತು. ಇಂಥ ಮಾತನ್ನು ದಿನವೂ ಕೇಳುವವಳು ತರಗತಿಯಲ್ಲಿ ಕೈ ಎತ್ತುವುದನ್ನೇ ಬಿಡಬಹುದು.

ಕನ್ನಡದ ‘ಲವಲವಿಕೆಯ’ ಎಂಬ ರೂಪ ಹುಡುಗ, ಹುಡುಗಿ, ಅಜ್ಜಿ ಯಾರಿಗಾದರೂ ಬದಲಾಗದೆ ಸಲ್ಲುತ್ತದೆ. ಗೆಳತಿಯ ಬಗ್ಗೆ ಬರೆಯುವಾಗ, ಬೀಳ್ಕೊಡುಗೆಯಲ್ಲಿ ಮಾತಾಡುವಾಗ ಆ ಮಾತನ್ನೇ ಬಳಸೋಣ.