ಪರೀಖಾನೆಯ ಹುಡುಗಿ, ಅವಧ್‌ನ ಬೇಗಂ

ಹಳೇ ಲಖನೌ ಅಂದ ಕೂಡಲೇ ನಮಗೆ ನೆನಪಾಗೋದು ನವಾಬ್ ವಾಜಿದ್ ಅಲಿ ಶಾಹರ ಠುಮ್ರಿ, ಕಥಕ್, ಪ್ರೇಮಪ್ರಸಂಗಗಳು. ಆ ಪ್ರೇಮವನ್ನು ಒಮ್ಮೆ ಹೆಣ್ಣಿನ ಕಡೆಯಿಂದ ನೋಡಿ.

ಅರಮನೆಯಲ್ಲಿ ಹುಡುಗಿಯರಿಗೆ ಹಾಡು, ನೃತ್ಯ ಕಲಿಸುವ ಜಾಗಕ್ಕೆ ಪರೀಖಾನಾ ಅಂತ ಹೆಸರು. ಸಾಮಾನ್ಯ ಮನೆಯ ಹುಡುಗಿಯೊಬ್ಬಳು ಅಲ್ಲಿ ನವಾಬರ ಮೆಚ್ಚುಗೆ ಪಡೆದಳು. ಮಗ ಬಿರ್ಜಿಸ್ ಖದರ್ ಹುಟ್ಟಿದ ಮೇಲೆ ‘ಹಜರತ್ ಮಹಲ್’ ಎಂಬ ಬಿರುದೂ ಸಿಕ್ಕಿತು. ಆಮೇಲೆ ಅದೇ ನವಾಬರು ತಲಾಕ್ ಕೊಟ್ಟರು. 1856ರಲ್ಲಿ ಕಂಪನಿ ಅವಧ್ ಕಿತ್ತುಕೊಂಡಾಗ ನವಾಬರು ಕಲ್ಕತ್ತೆಗೆ ಹೋದರು. ಬೇಗಂ ಲಖನೌದಲ್ಲೇ ಉಳಿದರು.

1857ರ ಜುಲೈನಲ್ಲಿ ದಂಗೆ ಎದ್ದ ಸಿಪಾಯಿಗಳು ಆ ಬಾಲಕನಿಗೇ ಪಟ್ಟ ಕಟ್ಟಿದರು. ಮಗನ ಹೆಸರಲ್ಲಿ ಆಡಳಿತ ನಡೆಸಿದ್ದು ತಾಯಿ. ಅದೇ ಹೊತ್ತಿಗೆ ನವಾಬರು ಫೋರ್ಟ್ ವಿಲಿಯಂನಲ್ಲಿ ಬಂಧಿ!

1858ರ ಮಾರ್ಚ್‌ನಲ್ಲಿ ಲಖನೌ ಬಿತ್ತು. ನವೆಂಬರ್‌ನಲ್ಲಿ ವಿಕ್ಟೋರಿಯಾ ರಾಣಿ ಕ್ಷಮೆಯ ಘೋಷಣೆ ಹೊರಡಿಸಿದಾಗ ಬೇಗಂ ಎದುರು ಘೋಷಣೆ ಹೊರಡಿಸಿದರು. ಕಂಪನಿ ಮಾತು ಮುರಿದದ್ದಕ್ಕೆ ಅವರು ಕೊಟ್ಟ ಉದಾಹರಣೆಗಳಲ್ಲಿ ಪುಣೆಯ ಪೇಶ್ವೆ ಇದ್ದಾರೆ, ನಮ್ಮ ಟಿಪ್ಪು ಸುಲ್ತಾನರೂ ಇದ್ದಾರೆ. ರಸ್ತೆ ಮಾಡೋದು, ಕಾಲುವೆ ತೋಡೋದು ಬಿಟ್ಟರೆ ಹಿಂದೂಸ್ತಾನಿಗಳಿಗೆ ಬೇರೆ ಒಳ್ಳೆ ಕೆಲಸವನ್ನೇ ಹೇಳಿಲ್ಲವಲ್ಲ ಎಂದೂ ಚುಚ್ಚಿದರು.

ಬೇಗಂ ಶರಣಾಗಲಿಲ್ಲ. ನೇಪಾಳಕ್ಕೆ ಹೋದರು, 1879ರಲ್ಲಿ ಕಾಠ್ಮಂಡುವಿನಲ್ಲೇ ತೀರಿಕೊಂಡರು.

ಮಕ್ಕಳಿಗೆ 1857ರ ಪಾಠ ಹೇಳುವಾಗ ಝಾನ್ಸಿ ರಾಣಿಯ ಜೊತೆ ಇವರ ಹೆಸರನ್ನೂ ಹೇಳಿ. ನವಾಬರ ಬೇಗಂ ಅಂತಷ್ಟೇ ಹೇಳಿ ಮುಗಿಸಬೇಡಿ, ಆ ಘೋಷಣೆಯಲ್ಲಿ ಏನಿತ್ತು ಅನ್ನೋದನ್ನೂ ತಿಳಿಸಿ.